ಸಮುದ್ರಕ್ಕೆ ಪಹಣಿ ಯಾರ ಹೆಸರಲ್ಲಿದೆ? ಕಡಲ ಫ್ಯಾನುಗಳ ಗುತ್ತಿಗೆ ನಿಯಮದ ಬಗ್ಗೆ ಒಂದು ಡೌಟು

ಗಂಗೊಳ್ಳಿ ಹುಡುಗ:

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ತಲೆ ತಿನ್ನುತ್ತಿರುವ ವಿಷಯ ಇದು, ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ನಾನು ಗಂಗೊಳ್ಳಿ ಕಡೆಯವನು, ಕೆಲಸ ಬೆಂಗಳೂರಲ್ಲಿ. ನಮ್ಮ ಸೋದರಮಾವ ಮೂವತ್ತು ವರ್ಷ ಬೋಟಿನಲ್ಲಿ ತಾಂಡೇಲ (ಬೋಟು ನಡೆಸುವ ಮುಖ್ಯಸ್ಥ) ಆಗಿದ್ದವರು. ಈಗ ಅವರ ಮಗ ಮಲ್ಪೆಯ ಒಂದು ಆಳಸಮುದ್ರ ಬೋಟಿನಲ್ಲಿ ಇದ್ದಾನೆ. ಒಂದು ಸಲ ಹೋದರೆ ಹತ್ತು ದಿನ, ಮೀನು ಸಿಗದಿದ್ದರೆ ಗೋವಾ ದಾಟಿ ಮಹಾರಾಷ್ಟ್ರದ ಕಡೆಗೂ ಹೋಗುತ್ತಾರೆ. ಕಳೆದ ಸಲ ಊರಿಗೆ ಹೋದಾಗ ಮಾವ ಮೊಬೈಲ್ ಹಿಡಿದುಕೊಂಡು ಬಂದರು. ಯಾರೋ ವಾಟ್ಸಾಪಿನಲ್ಲಿ ವಿಡಿಯೋ ಕಳಿಸಿದ್ದಾರೆ. ಸಮುದ್ರದ ಮಧ್ಯೆ ಸಾಲಾಗಿ ಗಾಳಿಯಿಂದ ಕರೆಂಟ್ ಮಾಡುವ ಬಿಳಿ ಫ್ಯಾನುಗಳು, ಕೆಳಗೆ ಕೆಂಪು ಅಕ್ಷರದಲ್ಲಿ ಇನ್ನು ಮೇಲೆ ಸಮುದ್ರ ಕಂಪನಿಯವರದ್ದು, ಮೀನುಗಾರರಿಗೆ ಪ್ರವೇಶ ಇಲ್ಲ ಅಂತ ಬರೆದಿದೆ. "ಇದ್ ನಮ್ ಬದಿಗೂ ಬತ್ತಾ?" ಅಂತ ಕೇಳಿದರು. ನನಗೆ ಉತ್ತರ ಗೊತ್ತಿರಲಿಲ್ಲ.

ಬೆಂಗಳೂರಿಗೆ ವಾಪಸ್ ಬಂದು ಸ್ವಲ್ಪ ಓದಿದೆ. ಕಡಲ ಗಾಳಿ ವಿದ್ಯುತ್ತಿನ ಬಗ್ಗೆ 2015ರಲ್ಲಿ ಒಂದು ರಾಷ್ಟ್ರೀಯ ನೀತಿ ಬಂದಿದೆ. 2023ರ ಡಿಸೆಂಬರಿನಲ್ಲಿ ಸಮುದ್ರದ ತಳವನ್ನು ಗುತ್ತಿಗೆಗೆ ಕೊಡುವ ನಿಯಮ ಬಂದಿದೆ. ಮೊದಲ 3 ವರ್ಷ ಗಾಳಿ ಅಳೆಯೋದಕ್ಕೆ, ಬೇಕಿದ್ದರೆ ಇನ್ನೂ 2 ವರ್ಷ, ಆಮೇಲೆ ಕಟ್ಟಿ ನಡೆಸೋದಕ್ಕೆ 35 ವರ್ಷ. ಬಾಡಿಗೆ ಚದರ ಕಿಲೋಮೀಟರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ. ಇಷ್ಟು ಅರ್ಥ ಆಯ್ತು. ಅರ್ಥ ಆಗದ್ದು ಏನು ಅಂದ್ರೆ, ಅದೇ ಜಾಗದಲ್ಲಿ ಅಜ್ಜನ ಕಾಲದಿಂದ ಬಲೆ ಬಿಡುತ್ತಿರುವವರನ್ನು ಆ ನಿಯಮ ಏನಂತ ಲೆಕ್ಕ ಹಾಕುತ್ತದೆ? ಅಕ್ಕಪಕ್ಕದವರಾ, ಗೇಣಿದಾರರಾ, ಇಲ್ಲಾ ಸುಮ್ನೆ ಹಾದು ಹೋಗುವವರಾ? ಬಾಡಿಗೆ, ಅವಧಿ, ಬ್ಯಾಂಕ್ ಗ್ಯಾರಂಟಿ ಬಗ್ಗೆ ಇರುವಷ್ಟು ಸ್ಪಷ್ಟವಾಗಿ ಮೀನುಗಾರರ ಬಗ್ಗೆ ಅದರಲ್ಲಿ ನನಗೆ ಕಾಣಲಿಲ್ಲ.

ನಾನು ಗಾಳಿ ಕರೆಂಟಿನ ವಿರೋಧಿ ಅಲ್ಲ, ಮೊದಲೇ ಹೇಳಿಬಿಡ್ತೇನೆ. ದಯವಿಟ್ಟು ರಾಜಕೀಯ ತರಬೇಡಿ.

ದುರ್ಗದ ಗಾಳಿ:

ಮೊದಲು ನಿಮ್ಮ ಮಾವನಿಗೆ ಸಮಾಧಾನ ಹೇಳಿ. ಸದ್ಯಕ್ಕೆ ಕರ್ನಾಟಕದ ಕರಾವಳಿ ಪಟ್ಟಿಯಲ್ಲೇ ಇಲ್ಲ. ಕೇಂದ್ರದವರು ಗುರುತು ಮಾಡಿರೋದು ಎರಡೇ ಕಡೆ. ಒಂದು ಗುಜರಾತಿನ ಖಂಭಾತ್ ಕೊಲ್ಲಿ ಕಡೆ, ಇನ್ನೊಂದು ತಮಿಳುನಾಡಿನ ಮನ್ನಾರ್ ಕೊಲ್ಲಿ ಕಡೆ. ನಮ್ಮ ಸಮುದ್ರದಲ್ಲಿ ಅವರಷ್ಟು ಒಳ್ಳೆ ಗಾಳಿ ಇಲ್ಲ, ಅಷ್ಟೇ ಕಾರಣ. ನಮ್ಮ ಗಾಳಿ ಎಲ್ಲಾ ಗುಡ್ಡದ ಮೇಲಿದೆ, ಚಿತ್ರದುರ್ಗ, ಗದಗ, ಆ ಕಡೆ.

ಎರಡನೇದು, ಆ ಎರಡು ಕಡೆಯೂ ಇವತ್ತಿನವರೆಗೆ ಕರೆಂಟ್ ಕೊಡುವ ಒಂದು ಫ್ಯಾನೂ ನಿಂತಿಲ್ಲ. 2018ರಲ್ಲಿ 2022ಕ್ಕೆ 5 ಗಿಗಾವಾಟ್, 2030ಕ್ಕೆ 30 ಗಿಗಾವಾಟ್ ಅಂತ ಹೇಳಿದ್ರು. 2022 ಬಂತು, ಹೋಯ್ತು, ಸೊನ್ನೆ. 2024ರಲ್ಲಿ ತಮಿಳುನಾಡಿನ ಕಡೆ 4 ಗಿಗಾವಾಟ್, ಗುಜರಾತಿನ ಕಡೆ 500 ಮೆಗಾವಾಟಿಗೆ ಟೆಂಡರ್ ಕರೆದ್ರು. ಕಂಪನಿಗಳು ತಲೆ ಹಾಕಲಿಲ್ಲ. ದಿನಾಂಕ ಮುಂದೂಡಿ ಮುಂದೂಡಿ 2025ರಲ್ಲಿ ಎರಡನ್ನೂ ರದ್ದು ಮಾಡಿದ್ರು. ವಿಡಿಯೋದಲ್ಲಿ ಇರೋದು ಯಾವುದೋ ಯುರೋಪಿನದ್ದೇ ಇರಬೇಕು.

ಆದರೆ ನೀವು ಕೇಳಿದ ಪ್ರಶ್ನೆ ಸುಳ್ಳಲ್ಲ. ನಾನು ಹನ್ನೊಂದು ವರ್ಷ ಇಂಥ ಫ್ಯಾನುಗಳ ಕೆಳಗೇ ಕೆಲಸ ಮಾಡಿದವನು, ಮೊದಲು ದುರ್ಗದ ಹತ್ತಿರ, ಆಮೇಲೆ ಗದಗದ ಕಡೆ. ಕಂಪನಿ ಹೆಸರು ಬೇಡ. ಹೊಸ ಸೈಟು ಶುರುವಾದಾಗ ನನ್ನ ಕೆಲಸ ಏನಪ್ಪಾ ಅಂದ್ರೆ ರೈತರ ಮನೆಗೆ ಹೋಗಿ ಪಹಣಿ ಜೆರಾಕ್ಸ್ ತರೋದು. ಪಹಣಿಯಲ್ಲಿ ಹೆಸರು ಇದ್ದವನಿಗೆ ಕಂಬದ ಜಾಗಕ್ಕೆ ದುಡ್ಡು, ದಾರಿಗೆ ದುಡ್ಡು, ಬ್ಲೇಡಿನ ಲಾರಿ ತಿರುಗುವಾಗ ಬೆಳೆ ತುಳಿದರೆ ಅದಕ್ಕೂ ದುಡ್ಡು. ಒಂದು ದಿನ ಗೋಮಾಳದ ಹತ್ತಿರ ಸರ್ವೆ ಕಲ್ಲು ಹಾಕ್ತಾ ಇದ್ವಿ. ಕುರಿ ಕಾಯುವ ಒಬ್ಬ ಯಜಮಾನ್ರು ಬಂದು ಕಂಬಳಿ ಹಾಸಿಕೊಂಡು ಪಕ್ಕದಲ್ಲೇ ಕೂತ್ರು. ಒಂದು ಗಂಟೆ ಸುಮ್ನೆ ನೋಡಿದ್ರು. ಆಮೇಲೆ, "ನಾನೂ ಇಲ್ಲಿ ನಲವತ್ತು ವರ್ಷ ಕುರಿ ಮೇಯ್ಸೀನಿ, ನನ್ನ ಹೆಸ್ರೂ ಬರಕಳ್ಳಪ್ಪ" ಅಂದ್ರು. ನನ್ನ ಫಾರಂನಲ್ಲಿ ಅವರ ಹೆಸರು ಬರೆಯೋದಕ್ಕೆ ಕಾಲಂ ಇರಲಿಲ್ಲ. ಫೋನ್ ನಂಬರ್ ಬರ್ಕೊಂಡೆ, ಅವರನ್ನು ಕಳಿಸೋದಕ್ಕೆ. ಇವತ್ತಿಗೂ ಅದು ನೆನಪಾದರೆ ಬೇಜಾರು.

ನಿಮ್ಮ ಮಾವ ಆ ಯಜಮಾನ್ರ ಜಾಗದಲ್ಲಿ ಇದ್ದಾರೆ. ಗೋಮಾಳಕ್ಕಾದರೂ ಒಂದು ಸರ್ವೆ ನಂಬರ್ ಇರುತ್ತೆ.

ಲೆಕ್ಕಪತ್ರ:

ಎಕರೆ ಲೆಕ್ಕ ಹಾಕಿ ನೋಡಿದೆ. ಒಂದು ಚದರ ಕಿಲೋಮೀಟರ್ ಅಂದ್ರೆ 247 ಎಕರೆ. 1 ಲಕ್ಷ ಭಾಗಿಸು 247. ಎಕರೆಗೆ ವರ್ಷಕ್ಕೆ ಹೆಚ್ಚುಕಮ್ಮಿ 405 ರೂಪಾಯಿ! ನಮ್ಮೂರಲ್ಲಿ ಒಣ ಜಮೀನನ್ನೂ ಈ ರೇಟಿಗೆ ಯಾರೂ ಕೊಡಲ್ಲ 😀

ದುರ್ಗದ ಗಾಳಿ:

@ಲೆಕ್ಕಪತ್ರ ಗುರುವೇ, ಒಣ ಜಮೀನಿಗೆ ನಡೆದುಕೊಂಡು ಹೋಗಬಹುದು. ಅಲ್ಲಿಗೆ ಹೋಗೋಕೆ ಹಡಗು ಬೇಕು, ಕಂಬ ನೆಡೋಕೆ ಇನ್ನೊಂದು ಹಡಗು ಬೇಕು, ಆ ತರದ ಹಡಗು ಸುಲಭಕ್ಕೆ ಸಿಗಲ್ಲ, ಅದನ್ನು ನಿಲ್ಲಿಸೋಕೆ ಬಂದರು ಬೇಕು, ಉಪ್ಪು ನೀರು ಬೇರೆ. ಬಾಡಿಗೆ ಕಮ್ಮಿ ಇಟ್ಟರೂ ಯಾರೂ ಬರಲಿಲ್ಲ ಅನ್ನೋದೇ ವಿಷಯ.

ಲೆಕ್ಕಪತ್ರ:

ಒಪ್ಪಿದೆ, ತಮಾಷೆಗೆ ಹೇಳಿದ್ದು. ಈಗ ಸೀರಿಯಸ್ ಆಗಿ ಬರೀತೀನಿ, ಯಾಕಂದ್ರೆ ಈ ಚರ್ಚೆಯಲ್ಲಿ ಎಲ್ಲರೂ ಮೀನು, ಪರಿಸರ ಅಂತಾರೆ, ದುಡ್ಡಿನ ಕಡೆ ಯಾರೂ ನೋಡಲ್ಲ.

2024ರ ಜೂನಿನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿ ಒಪ್ಪಿಗೆ ಕೊಟ್ಟಿತು. ಅದರಲ್ಲಿ 6,853 ಕೋಟಿ ಬರೀ 1 ಗಿಗಾವಾಟಿಗೆ, ಗುಜರಾತಿಗೆ 500 ಮೆಗಾವಾಟ್, ತಮಿಳುನಾಡಿಗೆ 500. ಉಳಿದ 600 ಕೋಟಿ ಎರಡು ಬಂದರು ರಿಪೇರಿಗೆ. ಅದು ಬಿಟ್ಟು ಸಮುದ್ರದಿಂದ ದಡಕ್ಕೆ ಕರೆಂಟ್ ತರುವ ಲೈನನ್ನು ಕೇಂದ್ರ ಸರ್ಕಾರದ ಕಂಪನಿ ಪವರ್ ಗ್ರಿಡ್ ಹಾಕಿಕೊಡುತ್ತದೆ. ಅಂದ್ರೆ ಮೆಗಾವಾಟಿಗೆ ಸುಮಾರು 6.85 ಕೋಟಿ ಸರ್ಕಾರವೇ ತುಂಬಿಕೊಡುತ್ತೆ. ಅಷ್ಟರಲ್ಲಿ ನೆಲದ ಮೇಲೆ ಹೆಚ್ಚುಕಮ್ಮಿ ಒಂದು ಮೆಗಾವಾಟಿನ ಫ್ಯಾನೇ ನಿಲ್ಲಿಸಬಹುದು, ಅಲ್ವಾ ದುರ್ಗದವರೇ? ಆದರೆ 4 ಗಿಗಾವಾಟಿನ ಆ ದೊಡ್ಡ ಟೆಂಡರಿಗೆ ಈ ಸಹಾಯವೂ ಇರಲಿಲ್ಲ, ನೀವೇ ಕಟ್ಟಿ, ನೀವೇ ಗಿರಾಕಿ ಹುಡುಕಿ ಮಾರಿಕೊಳ್ಳಿ ಅಂತ. ಯಾರು ಬರ್ತಾರೆ?

ಇದು ನಮ್ಮ ದೇಶದ್ದೇ ಗೋಳು ಅಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ 2023ರ ಹರಾಜಿಗೆ ಕಡಲ ಗಾಳಿಯ ಒಂದೇ ಒಂದು ಬಿಡ್ ಬರಲಿಲ್ಲ, ಸರ್ಕಾರ ಇಟ್ಟ ಗರಿಷ್ಠ ದರ ತೀರಾ ಕಮ್ಮಿ ಅಂತ. ಮುಂದಿನ ಸಲ ದರ ಏರಿಸಿದ ಮೇಲೆ ಬಂದ್ರು. ಜರ್ಮನಿಯಲ್ಲಿ ಇನ್ನೂ ಮಜಾ. 2023ರಲ್ಲಿ 7 ಗಿಗಾವಾಟಿನ ಜಾಗಕ್ಕೆ ತೈಲ ಕಂಪನಿಗಳು ಪೈಪೋಟಿಗೆ ಬಿದ್ದು 12.6 ಬಿಲಿಯನ್ ಯೂರೋ ಕೊಡ್ತೀವಿ ಅಂದ್ರು. ಎರಡೇ ವರ್ಷಕ್ಕೆ, 2025ರ ಆಗಸ್ಟಿನಲ್ಲಿ, ಹರಾಜು ಕರೆದರೆ ಒಬ್ಬರೂ ಇಲ್ಲ. ಜಾಗದ ಬೆಲೆ ಜಾಸ್ತಿ ಮಾಡಿದರೆ ಕೊನೆಗೆ ಅದು ನಮ್ಮ ಕರೆಂಟ್ ಬಿಲ್ಲಿಗೇ ಬರುತ್ತೆ. ಹಾಗಾಗಿ 405 ರೂಪಾಯಿ ನೋಡಿ ನಕ್ಕರೂ, ಆ ಬಾಡಿಗೆ ಕಮ್ಮಿ ಇಟ್ಟಿರೋದು ತಪ್ಪು ಅಂತ ನನಗೆ ಅನಿಸಲ್ಲ.

ನನ್ನ ಮಾತು ಇಷ್ಟೇ. ಟೆಂಡರ್ ನಿಂತಿದ್ದು ಮೀನುಗಾರರ ವಿರೋಧಕ್ಕೆ ಅಲ್ಲ, ದುಡ್ಡಿಗೆ. ದುಡ್ಡಿನ ಲೆಕ್ಕ ಸರಿಹೋದ ದಿನ ಯಾರ ವಿರೋಧವನ್ನೂ ಕೇಳೋದಿಲ್ಲ, ಅದು ಬೇರೆ ವಿಷಯ.

ಬಂಗುಡೆ ಭಟ್ಟ:

ಅದು ಬೇರೆ ವಿಷಯ ಅಲ್ಲ ಮಾರಾಯ್ರೆ, ಅದೇ ವಿಷಯ.

ನಮ್ಮದು ಎರಡು ಬೋಟು ಉಂಟು, ಒಂದು ಟ್ರಾಲ್, ಒಂದು ಪರ್ಸಿನ್, ಪರ್ಸಿನ್‌ನಲ್ಲಿ ಚಿಕ್ಕಪ್ಪಂದೂ ಪಾಲು. (ಹೆಸರು ನೋಡಿ ನಗಬೇಡಿ, ಕಾಲೇಜಿನಲ್ಲಿ ಇಟ್ಟದ್ದು.) ನಿಯಮ ಬರೆಯುವವರು ಒಮ್ಮೆ ಬೋಟು ಹತ್ತಬೇಕು. ಅವರು ಹೇಳುವುದು, ಒಂದು ಫ್ಯಾನಿಂದ ಇನ್ನೊಂದು ಫ್ಯಾನಿಗೆ ಒಂದೂವರೆ ಕಿಲೋಮೀಟರ್ ಅಂತರ ಇರ್ತದೆ, ಮಧ್ಯೆ ಹೋಗಲಿಕ್ಕೆ ಏನು ಕಷ್ಟ ಅಂತ. ಹೋಗಲಿಕ್ಕೆ ಕಷ್ಟ ಇಲ್ಲ. ಬಲೆ ಎಳೆಯಲಿಕ್ಕೆ ಕಷ್ಟ. ಟ್ರಾಲ್ ಬಲೆ ಬೋಟಿನ ಹಿಂದೆ ಎಷ್ಟೋ ದೂರ ರೋಪಿನಲ್ಲಿ ಇರ್ತದೆ, ತಳ ಮುಟ್ಟಿಕೊಂಡು ಬರ್ತದೆ, ಎರಡು ಮೂರು ಗಂಟೆ ಒಂದೇ ನೇರ ಎಳೆಯಬೇಕು. ನೀರಿನ ಎಳೆತ ತಿರುಗಿದರೆ ಬೋಟು ಒಂದು ಕಡೆ, ಬಲೆ ಇನ್ನೊಂದು ಕಡೆ. ಪರ್ಸಿನ್ ಇನ್ನೂ ಹೇಳುವುದೇ ಬೇಡ, ಬಂಗುಡೆ ಹಿಂಡು ಎಲ್ಲಿಗೆ ಓಡ್ತದೋ ಅಲ್ಲಿಗೆ ಸುತ್ತು ಹಾಕಬೇಕು, ಕಂಬ ಉಂಟು ಅಂತ ಮೀನು ನಿಲ್ತದಾ?

ಅದರ ಮೇಲೆ ಕೇಬಲ್. ಮಣ್ಣಿನಡಿ ಹೂಳ್ತಾರೆ, ಸರಿ. ಮಳೆಗಾಲ ಕಳೆದು ಆಗಸ್ಟಿನಲ್ಲಿ ಮೊದಲ ಸಲ ಇಳಿದಾಗ ತಳದ ಮಣ್ಣು ಹೋದ ವರ್ಷ ಇದ್ದ ಹಾಗೆ ಇರ್ತದಾ ಅಂತ ಯಾರನ್ನಾದರೂ ಕೇಳಿ. ಎರಡು ವರ್ಷದ ಹಿಂದೆ ನಮ್ಮ ಬಲೆ ತಳದಲ್ಲಿ ಏನಕ್ಕೋ ಸಿಕ್ಕಿ ಅರ್ಧ ಹೋಯ್ತು. ಹಳೇ ಹಡಗಿನ ಕಬ್ಬಿಣವಾ, ಯಾರೋ ಬಿಟ್ಟ ಆಂಕರಾ, ಇವತ್ತಿಗೂ ಗೊತ್ತಿಲ್ಲ. ಒಂದು ಇಲಾಖೆಗೆ ಅರ್ಜಿ ಕೊಟ್ಟೆವು. ಎಲ್ಲಿ ಆದದ್ದು ಅಂತ ಕೇಳಿದರು. ಜಿಪಿಎಸ್ ನಂಬರ್ ತೋರಿಸಿದೆವು. ಇದು 12 ನಾಟಿಕಲ್ ಮೈಲಿಯ ಆಚೆ, ನಮಗೆ ಬರುವುದಿಲ್ಲ ಅಂದರು. ಯಾರಿಗೆ ಬರ್ತದೆ ಅಂತ ಕೇಳಿದ್ದಕ್ಕೆ ನಕ್ಕರು.

ಗುಜರಾತಿಗೂ ನಮಗೂ ಏನು ಸಂಬಂಧ ಅಂತ ಕೇಳುವವರಿಗೆ, ಆಳಸಮುದ್ರದ ಬೋಟಿಗೆ ರಾಜ್ಯದ ಗಡಿ ಇಲ್ಲ. ಅಲ್ಲಿ ಜಾಗ ಕಮ್ಮಿ ಆದರೆ ಅಲ್ಲಿನ ಬೋಟು ಕೆಳಗೆ ಬರ್ತದೆ, ನಮ್ಮದು ಇನ್ನೂ ಕೆಳಗೆ ಹೋಗ್ತದೆ. ಕೊನೆಗೆ ಪೆಟ್ಟು ನಾಡದೋಣಿಯವನಿಗೆ.

ಕಲಂ 7:

ಬಂಗುಡೆ ಭಟ್ಟರ ಆ 12 ಮೈಲಿಯಲ್ಲೇ ಇಡೀ ಕಥೆ ಇದೆ. ಕಾನೂನು ಓದುತ್ತಿರುವವನಾಗಿ ನನಗೆ ತಿಳಿದಷ್ಟು ಹೇಳ್ತೀನಿ.

ದಡದಿಂದ 12 ನಾಟಿಕಲ್ ಮೈಲಿ, ಅಂದ್ರೆ ಸುಮಾರು 22 ಕಿಲೋಮೀಟರ್‌ವರೆಗೆ ಮೀನುಗಾರಿಕೆ ರಾಜ್ಯದ ಕೈಯಲ್ಲಿದೆ. ನಮ್ಮಲ್ಲಿ ಅದಕ್ಕೆ 1986ರ ಕಾಯ್ದೆ ಇದೆ. ಅದರಾಚೆ 200 ನಾಟಿಕಲ್ ಮೈಲಿವರೆಗೆ ಎಲ್ಲಾ ಕೇಂದ್ರದ್ದು. ಗುತ್ತಿಗೆ ನಿಯಮ ಬಂದಿರೋದು 1976ರ ಸಾಗರ ವಲಯಗಳ ಕಾಯ್ದೆಯ ಕೆಳಗೆ, ಅದೂ ಕೇಂದ್ರದ್ದೇ. ಮೀನುಗಾರನಿಗೆ ಪರಿಚಯ ಇರುವ ಕಚೇರಿ ಯಾವುದು? ಡೀಸೆಲ್ ಸಬ್ಸಿಡಿಗೆ ಹೋಗುವ ರಾಜ್ಯದ ಮೀನುಗಾರಿಕೆ ಇಲಾಖೆ. ಗುತ್ತಿಗೆ ಕೊಡುವವರು ಯಾರು? ದೆಹಲಿಯ ನವೀಕರಿಸಬಹುದಾದ ಇಂಧನ ಸಚಿವಾಲಯ. ಅಳತೆ, ಅಧ್ಯಯನ ನೋಡಿಕೊಳ್ಳೋದು ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ. ಇವನು ಬಾಗಿಲು ಬಡಿಯುವ ಮನೆಯಲ್ಲಿ ಅಧಿಕಾರ ಇಲ್ಲ, ಅಧಿಕಾರ ಇರುವ ಮನೆ ಇವನಿಗೆ ಗೊತ್ತಿಲ್ಲ.

ಪರಿಸರದ ವಿಷಯವೂ ಹೀಗೇ ಹರಕು. ಕರಾವಳಿ ನಿಯಂತ್ರಣ ವಲಯದ ನಿಯಮ ಅನ್ವಯ ಆಗೋದು 12 ಮೈಲಿ ಒಳಗೆ ಮಾತ್ರ. ಇನ್ನು 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿ ವಿದ್ಯುತ್ ಇಲ್ಲವೇ ಇಲ್ಲ. ಸಾರ್ವಜನಿಕ ಅಹವಾಲು ಕಡ್ಡಾಯ ಆಗೋದು ಆ ಪಟ್ಟಿಯಲ್ಲಿ ಇದ್ದರೆ ತಾನೇ? ಪರಿಸರ ಅಧ್ಯಯನ ಮಾಡಬೇಕು ಅಂತ 2015ರ ನೀತಿ ಹೇಳುತ್ತೆ, ಅದು ಸರಿ. ಆದರೆ ಅಧ್ಯಯನ ಮಾಡೋದು ಬೇರೆ, ಪೆಂಡಾಲ್ ಹಾಕಿ ಮೈಕ್ ಕೊಟ್ಟು ಊರಿನವರ ಮಾತು ಬರೆದುಕೊಳ್ಳೋದು ಬೇರೆ. ಮನ್ನಾರ್ ಕೊಲ್ಲಿ ಅಂದ್ರೆ 21 ದ್ವೀಪಗಳ ಸಾಗರ ರಾಷ್ಟ್ರೀಯ ಉದ್ಯಾನ ಇರುವ ಜಾಗ. ಪಕ್ಕದ ಪಾಕ್ ಕೊಲ್ಲಿಯಲ್ಲಿ 2022ರಲ್ಲಿ ಕಡಲಹಸುಗಳಿಗೆ ಅಂತ 448 ಚದರ ಕಿಲೋಮೀಟರ್ ಸಂರಕ್ಷಿತ ಪ್ರದೇಶ ಘೋಷಣೆ ಮಾಡಿದ್ದಾರೆ. ಅಂಥ ಕಡೆ ಮೈಕ್ ಬೇಡ್ವಾ?

ಆ ವಿಡಿಯೋದ ಪ್ರವೇಶ ಇಲ್ಲ ಅನ್ನೋ ಮಾತಿಗೂ ಒಂದು ಉತ್ತರ. ಇಡೀ ಗುತ್ತಿಗೆ ಜಾಗಕ್ಕೆ ಬೇಲಿ ಹಾಕೋಕೆ ಆಗಲ್ಲ. ಅಂತಾರಾಷ್ಟ್ರೀಯ ಸಮುದ್ರ ಕಾನೂನಿನ ಪ್ರಕಾರ ಒಂದೊಂದು ಕಟ್ಟಡದ ಸುತ್ತ ಸುರಕ್ಷತಾ ವಲಯ ಇಡಬಹುದು, ಸಾಮಾನ್ಯವಾಗಿ 500 ಮೀಟರ್ ಮೀರುವಂತಿಲ್ಲ. ಆದರೆ ಭಟ್ಟರೇ ಲೆಕ್ಕ ಹಾಕಿ, ಒಂದೂವರೆ ಕಿಲೋಮೀಟರ್ ಅಂತರದಲ್ಲಿ ಎರಡೂ ಕಡೆ 500 ಹೋದರೆ ಉಳಿಯೋದು 500.

ಬಂಗುಡೆ ಭಟ್ಟ:

500 ಮೀಟರಿನಲ್ಲಿ ಪರ್ಸಿನ್ ಬಲೆ ಒಣಗಿಸಲಿಕ್ಕೂ ಆಗುವುದಿಲ್ಲ.

ಅಮಾಗರ್ ಅಮ್ಮ:

ಕೋಪನ್‌ಹೇಗನ್‌ನಿಂದ ಬರೀತಿದ್ದೀನಿ. ಮೂಲ ಶಿವಮೊಗ್ಗ, ಸಮುದ್ರದ ಬಗ್ಗೆ ನನಗೆ ಗೊತ್ತಿದ್ದದ್ದು ಮುರುಡೇಶ್ವರದ ಟ್ರಿಪ್ಪು ಅಷ್ಟೇ. ಆದರೆ ಈಗ ಮನೆಯಿಂದ ಅಮಾಗರ್ ಬೀಚಿಗೆ ಹತ್ತು ನಿಮಿಷ. ಅಲ್ಲಿ ನಿಂತರೆ ಎದುರಿಗೇ ಮಿಡ್ಲ್‌ಗ್ರುಂಡನ್ ಫ್ಯಾನುಗಳು, 20, ಬಿಲ್ಲಿನ ಹಾಗೆ ಬಾಗಿದ ಒಂದು ಸಾಲು. ನನ್ನ ಮಗಳು ಎಣಿಸೋದನ್ನು ಕಲಿತಿದ್ದೇ ಅವುಗಳನ್ನು ನೋಡಿ, ಹದಿನೇಳಕ್ಕೆ ಯಾವಾಗಲೂ ತಪ್ಪುತ್ತಿದ್ದಳು.

ಆ ಸಾಲು ಬಾಗಿರೋದಕ್ಕೆ ಒಂದು ಕಥೆ ಇದೆ. ಮೊದಲ ಪ್ಲಾನಿನಲ್ಲಿ 27 ಫ್ಯಾನು, ಮೂರು ಸಾಲು. ಊರಿನವರ ಅಹವಾಲು ಕೇಳಿದಾಗ, ನೋಡೋದಕ್ಕೆ ಚೆನ್ನಾಗಿಲ್ಲ ಅಂತ ಜನ ಗಲಾಟೆ ಮಾಡಿದ್ರು. ಪ್ಲಾನ್ ಬದಲಾಯಿಸಿ 20ಕ್ಕೆ ಇಳಿಸಿ, ಒಂದೇ ಸಾಲು ಮಾಡಿದ್ರು. 2000ದಲ್ಲಿ ಶುರುವಾಯ್ತು. ಅರ್ಧ ಫ್ಯಾನು ಊರಿನ ವಿದ್ಯುತ್ ಕಂಪನಿಯದು, ಅರ್ಧ ಒಂದು ಸಹಕಾರ ಸಂಘದ್ದು, ಎಂಟು ಸಾವಿರಕ್ಕೂ ಜಾಸ್ತಿ ಜನ ಷೇರು ತಗೊಂಡಿದ್ರು. ನಮ್ಮ ಅಡಿಕೆ ಮಾರಾಟ ಸಂಘ ಇದ್ದ ಹಾಗೆ ಅಂದುಕೊಳ್ಳಿ.

ಮೀನುಗಾರರ ವಿಷಯಕ್ಕೆ ಬಂದರೆ, ಇಲ್ಲಿನ ಮೀನುಗಾರಿಕೆ ಕಾನೂನಿನಲ್ಲೇ ಬರೆದಿದೆ, ಸಮುದ್ರದಲ್ಲಿ ಏನಾದರೂ ಕಟ್ಟಿ ಮೀನುಗಾರರಿಗೆ ನಷ್ಟ ಆದರೆ ಕಟ್ಟುವವರು ಪರಿಹಾರ ಕೊಡಬೇಕು, ಅದು ತೀರ್ಮಾನ ಆಗುವವರೆಗೆ ಕೆಲಸ ಶುರು ಮಾಡುವ ಹಾಗಿಲ್ಲ. ಮಾತುಕತೆಗೆ ಮೀನುಗಾರರ ಸಂಘದವರು ಕೂರುತ್ತಾರೆ. ಆದರೆ ಗಮನಿಸಿ, ಇಲ್ಲಿನ ಬೋಟಿನವರ ಹತ್ತಿರ ಲಾಗ್‌ಬುಕ್ ಇರುತ್ತೆ. ಯಾವ ದಿನ, ಯಾವ ಜಾಗ, ಎಷ್ಟು ಕೆಜಿ, ಎಲ್ಲಾ ದಾಖಲೆ. ಅದು ಇಲ್ಲದಿದ್ದರೆ ಕಾನೂನು ಎಷ್ಟು ಒಳ್ಳೇದಿದ್ದರೂ ಲೆಕ್ಕ ಕಟ್ಟೋದು ಹೇಗೆ?

ಇಲ್ಲೂ ಎಲ್ಲಾ ಸರಿ ಇದೆ ಅಂತಲ್ಲ. 2024ರ ಡಿಸೆಂಬರಿನಲ್ಲಿ ಇವರ ದೊಡ್ಡ ಟೆಂಡರಿಗೂ ಬಿಡ್ ಬರಲಿಲ್ಲ. 1991ರಲ್ಲಿ ಪ್ರಪಂಚದ ಮೊದಲ ಕಡಲ ಗಾಳಿ ವಿದ್ಯುತ್ ಕೇಂದ್ರ ಕಟ್ಟಿದ ದೇಶ ಇದು! ವಿಂಡೆಬಿ ಅಂತ ಜಾಗ, 11 ಫ್ಯಾನು, 2017ರಲ್ಲಿ ಆಯಸ್ಸು ಮುಗಿದು ಬಿಚ್ಚಿ ತೆಗೆದ್ರು.

ಲೆಕ್ಕಪತ್ರ:

ಅಮಾಗರ್ ಅಮ್ಮ, ಆ ಅಡಿಕೆ ಸಂಘದ ಹೋಲಿಕೆ ಚೆನ್ನಾಗಿದೆ. ಆದರೆ ಡೆನ್ಮಾರ್ಕಿನ ಎಂಟು ಸಾವಿರ ಜನರ ಉಳಿತಾಯ ಎಲ್ಲಿ, ರಾಮೇಶ್ವರದ ಎಂಟು ಸಾವಿರ ದೋಣಿಯವರ ಸಾಲ ಎಲ್ಲಿ. ಷೇರು ಕೊಟ್ಟರೂ ತಗೊಳ್ಳೋಕೆ ದುಡ್ಡು ಬೇಕಲ್ಲ. ಬಾಡಿಗೆಯಲ್ಲೇ ಒಂದು ಪಾಲು ಅಲ್ಲಿನ ಮೀನುಗಾರರ ಸೊಸೈಟಿಗೆ ಅಂತ ನಿಯಮದಲ್ಲಿ ಒಂದು ಸಾಲು ಬರೆದರೆ ಆಗಲ್ವಾ? ಮೆಗಾವಾಟ್ 500, ಚದರ ಕಿಲೋಮೀಟರಿಗೆ 5 ಮೆಗಾವಾಟ್ ಅಂತ ಇಟ್ಟುಕೊಂಡರೆ 100 ಚದರ ಕಿಲೋಮೀಟರ್, ವರ್ಷಕ್ಕೆ 1 ಕೋಟಿ ಬಾಡಿಗೆ. ಕೇಂದ್ರಕ್ಕೆ ಅದು ಚಿಲ್ಲರೆ. ಒಂದು ಸೊಸೈಟಿಗೆ ಚಿಲ್ಲರೆ ಅಲ್ಲ.

ದುರ್ಗದ ಗಾಳಿ:

ಅದಕ್ಕೆ ಈಗಲೇ ಸಮಯ. ಟೆಂಡರ್ ರದ್ದಾಗಿ ಎಲ್ಲಾ ನಿಂತಿದೆ, ಯಾರಿಗೂ ಜಾಗ ಕೊಟ್ಟಾಗಿಲ್ಲ. ಒಂದು ಸಲ 35 ವರ್ಷದ ಸಹಿ ಬಿದ್ದ ಮೇಲೆ ಕಾಲಂ ಸೇರಿಸೋಕೆ ಆಗಲ್ಲ. ನನ್ನ ಅನುಭವದ ಮಾತು.

ಗಂಗೊಳ್ಳಿ ಹುಡುಗ:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ಜೂನ್ 1ಕ್ಕೆ ಮೀನುಗಾರಿಕೆ ನಿಷೇಧ ಶುರುವಾದ ಮೇಲೆ ಊರಿಗೆ ಹೋಗಿದ್ದೆ, ಮಾವನ ಹತ್ತಿರ ಎಲ್ಲಾ ಹೇಳಿದೆ. ನಮ್ಮ ಕಡೆ ಫ್ಯಾನು ಸದ್ಯಕ್ಕಿಲ್ಲ ಅಂದದ್ದಕ್ಕೆ ಖುಷಿಯಾದರು. ಅಮಾಗರ್ ಅಮ್ಮ ಹೇಳಿದ ಲಾಗ್‌ಬುಕ್ ವಿಷಯ ತಲೆಯಲ್ಲೇ ಇತ್ತು. ಮಾವನ ಹತ್ತಿರ ಒಂದು ಹಳೇ ನೂರು ಪುಟದ ಪುಸ್ತಕ ಇದೆ, ರಟ್ಟಿಗೆ ಪ್ಲಾಸ್ಟಿಕ್ ಸುತ್ತಿದ್ದು, ತೆರೆದರೆ ಡೀಸೆಲ್ ವಾಸನೆ. ಪುಟ ತುಂಬಾ ಜಿಪಿಎಸ್ ನಂಬರ್, ಪಕ್ಕದಲ್ಲಿ ಒಂದೊಂದು ಪದ, ಮೀನಿನ ಹೆಸರೋ ತಳದ ಗುರುತೋ. ಕಲ್ಲು. ಬೊಂಡಾಸ್. ಬಲೆ ಹೋಯ್ತು. ಅಂಜಲ್, ದೀಪಾವಳಿ ಆದ್ ಮೇಲೆ. ಮೂವತ್ತು ವರ್ಷದ್ದು. ಇದಕ್ಕಿಂತ ದೊಡ್ಡ ಪಹಣಿ ಬೇಕಾ ಅನಿಸಿತು.

ಮಾವ, ಇದನ್ನು ಫೋಟೋ ತೆಗೆದು ನಕ್ಷೆ ಮಾಡೋಣ, ಊರಿನ ಬೇರೆ ತಾಂಡೇಲರದ್ದೂ ಸೇರಿಸೋಣ, ನಾಳೆ ಯಾರಾದರೂ ಕೇಳಿದರೆ ತೋರಿಸಬಹುದು ಅಂದೆ. ಅವರು ಪುಸ್ತಕ ನನ್ನ ಕೈಯಿಂದ ತಗೊಂಡು ಮಡಿಲಲ್ಲಿ ಇಟ್ಟುಕೊಂಡರು. "ಹೌದು, ನಕ್ಷೆ ಮಾಡು. ನಾಡಿದ್ದೇ ಎಲ್ಲಾ ಬೋಟೂ ಅಲ್ಲೇ ಬಲಿ ಬಿಡ್ತ್ವ್" ಅಂದರು. ಆಮೇಲೆ ಅತ್ತೆಯನ್ನು ಕರೆದು ಪುಸ್ತಕ ಒಳಗೆ ಇಡಿಸಿದರು.

ಬಂಗುಡೆ ಭಟ್ಟ:

ಸರಿಯಾಗಿಯೇ ಮಾಡಿದ್ದಾರೆ. ನಾನೂ ಕೊಡುವುದಿಲ್ಲ 😂 ಆದರೆ ಈಗ ಸರ್ಕಾರದವರು ಬೋಟಿಗೆ ಟ್ರಾನ್ಸ್‌ಪಾಂಡರ್ ಹಾಕ್ತಾ ಇದ್ದಾರಲ್ಲ, ದೇಶದಲ್ಲಿ 1 ಲಕ್ಷ ಬೋಟಿಗೆ ಅಂತೆ, ಅದರಲ್ಲಿ ಬೋಟು ಎಲ್ಲಿತ್ತು ಅಂತ ದಾಖಲೆ ಆಗ್ತದೆ. ನಮ್ಮವರು ಅದನ್ನೂ ಆಫ್ ಮಾಡಿ ಇಡ್ತಾರೆ, ಅದು ಬೇರೆ. ನಿಮ್ಮ ಭಾವನಿಗೆ ಹೇಳಿ, ಆನ್ ಇರಲಿ ಅಂತ.